ಪಾನಗೃಹಕ್ಕೂ ವಾಸ್ತುಶಿಲ್ಪವೇ? ಒಂದು ಉತ್ತರ

ಕಳೆದ ತಿಂಗಳು ನಮ್ಮ ಭಾಗದ ಕನ್ನಡ ಶಾಲೆಗಳ ಶಿಕ್ಷಕರ ಕೂಟದಲ್ಲಿ, ಕಟ್ಟಡಗಳ ಮೂಲಕ ಇತಿಹಾಸವನ್ನು ಕಲಿಸುವ ಬಗೆ ಹೇಗೆಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡುವ ಸರದಿ ನನ್ನದಾಗಿತ್ತು. ಲಂಡನ್ನಿನ ಸದರ್ಕ್ ಎಂಬ ಕೇರಿಯಲ್ಲಿರುವ ಜಾರ್ಜ್ ಇನ್ ಎಂಬ ಹಳೆಯ ಪಾನಗೃಹದ ಚಿತ್ರವೊಂದನ್ನು ಕರಿಹಲಗೆಗೆ ತೂಗುಹಾಕಿ ನಾನು ಮಾತಿಗೆ ತೊಡಗಿದೆನು. ಐದು ನಿಮಿಷ ಕಳೆದಿರಲಿಲ್ಲ. ಹಿಂದಿನ ಸಾಲಿನಿಂದ ಹಿರಿಯ ಗುರುಗಳೊಬ್ಬರು ಎದ್ದು ನಿಂತರು. "ಮಾಸ್ತರ, ಹುಡುಗರಿಗೆ ಹೇಳಲಿಕ್ಕೆ ಗುಡಿ, ಕೋಟಿ, ಅರಮನಿ ಎಲ್ಲಾ ತೀರಿದವೇನ್ರಿ? ಸೆರೇದ ಅಂಗಡೀಗೆ ಬಂದು ನಿಂತಿರಲ್ಲ!" ಎಂದರು. ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆನು. ನಕ್ಕು ಚಿತ್ರವನ್ನು ಸುತ್ತಿಟ್ಟು ಕುಳಿತೆನು.

ಅಂದು ಉತ್ತರಿಸದೆ ಕುಳಿತದ್ದು ಹಿರಿಯರ ಮೇಲಣ ಗೌರವದಿಂದ. ಆದರೆ ಮನೆಗೆ ಮರಳಿದ ಮೇಲೆ ಆ ನಗೆ ನನ್ನನ್ನು ಬಿಡಲಿಲ್ಲ. ಒಂದು ಬಗೆಯ ಕಟ್ಟಡ ಪಾಠಕ್ಕೆ ಯೋಗ್ಯ, ಇನ್ನೊಂದು ಬಗೆಯದು ನಗೆಗೆ ಯೋಗ್ಯ ಎಂಬ ಭಾವನೆ ಕಲಿಸುವವರಲ್ಲೇ ಬೇರೂರಿದ್ದರೆ, ನಾವು ಮಕ್ಕಳ ಕೈಗೆ ಕೊಡುತ್ತಿರುವುದು ಅರ್ಧ ಇತಿಹಾಸ ಮಾತ್ರ. ಆದುದರಿಂದ ಅಂದು ಸಭೆಯಲ್ಲಿ ಆಡಬೇಕಾಗಿದ್ದ ಮಾತುಗಳನ್ನು ಇಂದು ಈ ಪುಟಗಳಲ್ಲಿ ಆಡುತ್ತಿದ್ದೇನೆ.

ಮೊದಲಿಗೇ ಒಂದು ಸಂಗತಿಯನ್ನು ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಮದ್ಯಪಾನದ ವಕೀಲನಲ್ಲ. ನನ್ನ ಮನೆಯಲ್ಲಿ ಅದರ ಗಂಧವೂ ಇಲ್ಲ. ಕುಡಿತದಿಂದ ಹಾಳಾದ ಸಂಸಾರಗಳ ಮಕ್ಕಳು ನನ್ನ ತರಗತಿಯಲ್ಲಿಯೂ ಕುಳಿತಿದ್ದಾರೆ. ಅವರ ಮೋರೆಗಳನ್ನು ದಿನವೂ ನೋಡುವವನಿಗೆ ಬೇರೆ ಉಪದೇಶ ಬೇಕಿಲ್ಲ. ನಾನು ಇಂಗ್ಲೆಂಡಿಗೆ ಹೋದವನೂ ಅಲ್ಲ. ಚಿತ್ರಗಳಿಂದಲೂ ನಕಾಶೆಗಳಿಂದಲೂ ಪುಸ್ತಕಗಳಿಂದಲೂ ತಿಳಿದಷ್ಟೇ ನನ್ನ ಬಂಡವಾಳ. ಇಷ್ಟನ್ನು ಒಪ್ಪಿಕೊಂಡು ವಾದಕ್ಕೆ ನಿಲ್ಲುತ್ತೇನೆ.

ಆ ಹಿರಿಯರ ಒಂದು ಮಾತಿನಲ್ಲಿ ಮೂರು ಆಕ್ಷೇಪಣೆಗಳು ಅಡಗಿವೆ. ಒಂದು: ಅರಸರೂ ಹೆಸರಾಂತ ಶಿಲ್ಪಿಗಳೂ ಕಟ್ಟದಿದ್ದ ಮನೆಯಲ್ಲಿ ವಾಸ್ತುಶಿಲ್ಪವೆಂಬುದಿಲ್ಲ. ಎರಡು: ಪಾನಗೃಹವು ಹೀನವಾದ ಸ್ಥಳ, ಹೀನವಾದುದನ್ನು ಮರೆಯುವುದೇ ಲೇಸು. ಮೂರು: ಹಳೆಯದು ಹೋದರೆ ಹೋಗಲಿ, ಅದರ ಜಾಗದಲ್ಲಿ ಹೆಚ್ಚು ಉಪಯೋಗದ ಹೊಸದು ಬರುತ್ತದೆ. ಒಂದೊಂದನ್ನಾಗಿ ಪರಿಶೀಲಿಸೋಣ.

ಮೊದಲನೆಯ ಆಕ್ಷೇಪಣೆಗೆ ಜಾರ್ಜ್ ಇನ್ನಿನ ಕಟ್ಟಡವೇ ಉತ್ತರ ಹೇಳಲಿ. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ಲಂಡನ್ ಸೇತುವೆಯಿಂದ ತೆಂಕಣಕ್ಕೆ ಹೊರಡುವ ಹೆದ್ದಾರಿಯ ಪಕ್ಕದಲ್ಲಿ ಅದು ನಿಂತಿದೆ. ಅಲ್ಲಿಯೇ ಏಕೆ ನಿಂತಿತು? ಹಳೆಯ ಕಾಲದಲ್ಲಿ ಲಂಡನ್ ನಗರದೊಳಕ್ಕೆ ನದಿ ದಾಟಿ ಬರಲು ಇದ್ದುದು ಆ ಒಂದೇ ಸೇತುವೆ. ೧೭೫೦ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ತೆರೆಯುವ ತನಕ ನಗರದ ನಡುಭಾಗದಲ್ಲಿ ಎರಡನೆಯ ಸೇತುವೆ ಇರಲಿಲ್ಲ. ರಾತ್ರಿಯಾದೊಡನೆ ಸೇತುವೆಯ ಬಾಗಿಲು ಮುಚ್ಚುತ್ತಿತ್ತು. ಹೊತ್ತು ಮುಳುಗಿದ ಮೇಲೆ ಬಂದ ಗಾಡಿಕಾರನೂ ಯಾತ್ರಿಕನೂ ವ್ಯಾಪಾರಿಯೂ ಬೆಳಗಾಗುವವರೆಗೆ ಈಚೆಯ ದಂಡೆಯಲ್ಲೇ ತಂಗಬೇಕಾಗಿತ್ತು. ಆದುದರಿಂದ ಆ ಹೆದ್ದಾರಿಯ ಪಕ್ಕದಲ್ಲಿ ತಂಗುಮನೆಗಳ ಸಾಲೇ ಎದ್ದು ನಿಂತಿತು. ಛಾಸರ್ ಕವಿಯು ೧೪ನೆಯ ಶತಮಾನದಲ್ಲಿ ತನ್ನ ಕ್ಯಾಂಟರ್‌ಬರಿ ಯಾತ್ರಿಕರನ್ನು ಹೊರಡಿಸಿದ ಟಬಾರ್ಡ್ ತಂಗುಮನೆ ಈ ಜಾರ್ಜ್ ಇನ್ನಿನ ನೆರೆಮನೆಯೇ ಆಗಿತ್ತು.

ಇನ್ನು ಕಟ್ಟಡದ ರೂಪವನ್ನು ಗಮನಿಸಿರಿ. ಬೀದಿಯ ಕಡೆಗೆ ಒಂದು ಇಕ್ಕಟ್ಟಾದ ದಾರಿ. ಅದನ್ನು ಹೊಕ್ಕರೆ ಉದ್ದನೆಯ ಅಂಗಳ. ಅಂಗಳದ ಸುತ್ತಲೂ ಅಂತಸ್ತುಗಳುಳ್ಳ ಮನೆ. ಕೆಳಗೆ ಉಣ್ಣುವ, ಕುಡಿಯುವ, ಕಾಯುವ ಕೋಣೆಗಳು. ಒಳಗಡೆ ಕುದುರೆ ಲಾಯಗಳು. ಮೇಲೆ ಮಲಗುವ ಕೋಣೆಗಳು. ಆ ಮಲಗುವ ಕೋಣೆಗಳ ಮುಂದೆ ಅಂಗಳಕ್ಕೆ ಮುಖಮಾಡಿ ಮರದ ತೆರೆದ ಪಡಸಾಲೆ. ಅದರ ಅಂಚಿಗೆ ಕಡೆದ ಮರದ ಕಟಾಂಜನ. ಇಂಗ್ಲಿಷರು ಇದನ್ನು ಗ್ಯಾಲರಿ ಎಂದು ಕರೆಯುತ್ತಾರೆ. ಜಾರ್ಜ್ ಇನ್ನಿನಲ್ಲಿ ಇಂದಿಗೂ ಒಂದರ ಮೇಲೊಂದರಂತೆ ಇಂತಹ ಎರಡು ಪಡಸಾಲೆಗಳಿವೆ.

ಈ ಪಡಸಾಲೆ ಅಲಂಕಾರಕ್ಕಾಗಿ ಬಂದುದಲ್ಲ. ನೂರಾರು ಅಪರಿಚಿತರು ಬಂದು ಹೋಗುವ ಮನೆಯಲ್ಲಿ ಒಬ್ಬನು ತನ್ನ ಕೋಣೆಗೆ ಹೋಗಲು ಮತ್ತೊಬ್ಬನ ಕೋಣೆಯನ್ನು ಹಾದು ಹೋಗುವಂತಾಗಬಾರದು. ಪ್ರತಿ ಕೋಣೆಗೂ ಬೇರೆ ಬಾಗಿಲು ಬೇಕು, ಬೆಳಕು ಬೇಕು. ತನ್ನ ಗಾಡಿಯೂ ಸರಕೂ ಅಂಗಳದಲ್ಲಿ ಭದ್ರವಾಗಿವೆಯೇ ಎಂದು ವ್ಯಾಪಾರಿಯು ರಾತ್ರಿ ಎದ್ದು ಇಣುಕಿ ನೋಡುವಂತಿರಬೇಕು. ಈ ನಾಲ್ಕು ಅಗತ್ಯಗಳಿಗೆ ಆ ಮರದ ಪಡಸಾಲೆ ಏಕಕಾಲಕ್ಕೆ ಉತ್ತರವಾಗಿದೆ. ಒಂದು ಕಷ್ಟಕ್ಕೆ ನಾಲ್ಕು ಉಪಾಯ ಹೂಡುವವನು ಸಾಮಾನ್ಯ ಕೆಲಸಗಾರ. ನಾಲ್ಕು ಕಷ್ಟಗಳಿಗೆ ಒಂದೇ ಉಪಾಯ ಕಂಡವನು ಶಿಲ್ಪಿ. ಆ ಶಿಲ್ಪಿಯ ಹೆಸರು ಕಲ್ಲಿನ ಮೇಲೆ ಕೊರೆದಿಲ್ಲವೆಂಬ ಮಾತ್ರಕ್ಕೆ ಶಿಲ್ಪವು ಶಿಲ್ಪವಲ್ಲವಾಗುತ್ತದೆಯೇ?

೧೬ನೆಯ ಶತಮಾನದಲ್ಲಿ ಲಂಡನ್ನಿನ ಹಲವು ತಂಗುಮನೆಗಳ ಅಂಗಳಗಳಲ್ಲಿ ನಾಟಕಗಳು ನಡೆಯುತ್ತಿದ್ದವು. ನಟರಿಗೆ ಅಂಗಳ, ನಿಂತು ನೋಡುವವರಿಗೆ ಅಂಗಳದ ನೆಲ, ಹೆಚ್ಚು ಹಣ ಕೊಟ್ಟವರಿಗೆ ಮೇಲಣ ಪಡಸಾಲೆ. ೧೫೭೬ರಲ್ಲಿ ಜೇಮ್ಸ್ ಬರ್ಬೇಜ್ ಎಂಬ ನಟನು ನಾಟಕಕ್ಕೆಂದೇ ಪ್ರತ್ಯೇಕ ರಂಗಮಂದಿರವನ್ನು ಕಟ್ಟಿಸಿದನು. ಆ ಕಾಲದ ಲಂಡನ್ನಿನ ಬಯಲು ರಂಗಮಂದಿರಗಳಲ್ಲಿಯೂ ಇದೇ ಏರ್ಪಾಡನ್ನು ಕಾಣುತ್ತೇವೆ: ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಅಂತಸ್ತು ಅಂತಸ್ತಾದ ಪಡಸಾಲೆಗಳು. ಷೇಕ್ಸ್‌ಪಿಯರನ ನಾಟಕವನ್ನು ಕಲಿಸುವಾಗ ನಾವು ಪದಾರ್ಥ ಹೇಳುತ್ತೇವೆ, ಸಾರಾಂಶ ಬರೆಸುತ್ತೇವೆ. ಆ ನಾಟಕದ ಜನ ಎಲ್ಲಿ ನಿಂತು ನೋಡಿದರೆಂಬುದನ್ನು ಹೇಳುವುದಿಲ್ಲ. ಹೇಳಬೇಕೆಂದರೆ ಈ 'ಸೆರೇದ ಅಂಗಡಿ'ಯ ಚಿತ್ರವನ್ನೇ ಕರಿಹಲಗೆಗೆ ತೂಗುಹಾಕಬೇಕು.

ಎರಡನೆಯ ಆಕ್ಷೇಪಣೆಗೆ ಬರುತ್ತೇನೆ. ಪಾನಗೃಹವು ಹೀನವಾದ ಸ್ಥಳ, ಅದನ್ನು ಮರೆಯುವುದೇ ಲೇಸು ಎಂಬ ಮಾತು. ಇದಕ್ಕೆ ಅನೇಕರು ಕೊಡುವ ಉತ್ತರ ಒಂದಿದೆ: ಪಬ್ ಎಂದರೆ 'ಪಬ್ಲಿಕ್ ಹೌಸ್', ಅಂದರೆ ಸಾರ್ವಜನಿಕರ ಮನೆ, ಅಲ್ಲಿ ಧಣಿಯೂ ಆಳೂ ಒಂದೇ ಬೆಂಚಿನ ಮೇಲೆ ಕುಳಿತು ಹರಟುತ್ತಿದ್ದರು, ಅದು ಇಂಗ್ಲಿಷ್ ಸಮಾನತೆಯ ತೊಟ್ಟಿಲು ಎಂಬುದಾಗಿ. ಈ ಉತ್ತರವನ್ನು ನಾನು ಕೊಡಲಾರೆ. ಏಕೆಂದರೆ ಅದು ಸುಳ್ಳು; ಅದು ಸುಳ್ಳೆಂದು ಸಾರಿ ಹೇಳುವುದು ಆ ಕಟ್ಟಡಗಳೇ.

೧೯ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಇಂಗ್ಲಿಷ್ ಪಾನಗೃಹದ ನಕ್ಷೆಯನ್ನು ಬಿಡಿಸಿ ನೋಡಿರಿ. ನಡುವೆ ಬಡಿಸುವ ಕಟ್ಟೆ. ಅದರ ಸುತ್ತ ಬೇರೆ ಬೇರೆ ವಿಭಾಗಗಳು, ಹಲವೆಡೆ ಒಂದೊಂದಕ್ಕೆ ಬೀದಿಯಿಂದ ಬೇರೆ ಬೇರೆ ಬಾಗಿಲು. ಕೂಲಿಕಾರರಿಗೆ 'ಪಬ್ಲಿಕ್ ಬಾರ್'; ಅಲ್ಲಿ ಬರಿಯ ಹಲಗೆಯ ನೆಲ, ಮರದ ಬೆಂಚು. ಸ್ಥಿತಿವಂತರಿಗೆ 'ಸಲೂನ್ ಬಾರ್'. ಅಲ್ಲಿ ಜಮಖಾನೆ, ಮೆತ್ತನೆಯ ಆಸನ, ಅದಕ್ಕೆ ತಕ್ಕಂತೆ ಹೆಚ್ಚಿನ ಬೆಲೆ. ಜನರ ಕಣ್ಣಿಗೆ ಬೀಳಲೊಲ್ಲದವರಿಗೆ 'ಸ್ನಗ್' ಎಂಬ ಪುಟ್ಟ ಕೋಣೆ. ಇವೆಲ್ಲದರ ನಡುವೆ ಮರದ, ಗಾಜಿನ ಅಡ್ಡಗೋಡೆಗಳು. ಇದೂ ಸಾಲದೆಂಬಂತೆ, ಕೆಲವು ಕಡೆ ಬಡಿಸುವ ಕಟ್ಟೆಯ ಮೇಲೆ ಮೋರೆಯ ಎತ್ತರಕ್ಕೆ ಸರಿಯಾಗಿ, ತಿರುಗುವ ಚಿಕ್ಕ ಚಿಕ್ಕ ಚಿತ್ತಾರದ ಗಾಜಿನ ಕದಗಳನ್ನು ಕೂಡಿಸಿದರು. ಅದನ್ನು ಮುಚ್ಚಿಕೊಂಡರೆ ಸಲೂನಿನ ದೊಡ್ಡ ಮನುಷ್ಯನ ಮೋರೆ ಆಚೆಯ ಕೂಲಿಕಾರನಿಗಾಗಲಿ ಬಡಿಸುವವನಿಗಾಗಲಿ ಕಾಣಿಸದು. ಇಂಗ್ಲಿಷರೇ ಇದಕ್ಕೆ 'ಸ್ನಾಬ್ ಸ್ಕ್ರೀನ್' ಎಂದು ಹೆಸರಿಟ್ಟರು. ಅಂದರೆ ಒಣಜಂಬದವರ ಮರೆ. ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿರುವ ಲ್ಯಾಂಬ್ ಎಂಬ ಪಾನಗೃಹದಲ್ಲಿ ಈ ಗಾಜಿನ ಕದಗಳು ಉಳಿದು ಬಂದಿವೆ. ಮೈಡಾ ವೇಲ್ ಎಂಬಲ್ಲಿರುವ ಪ್ರಿನ್ಸ್ ಆಲ್‌ಫ್ರೆಡ್ ಪಾನಗೃಹದಲ್ಲಿ ಅಡ್ಡಗೋಡೆಗಳೇ ಉಳಿದಿವೆ. ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟಲು ಕೆಲಸದವರು ಸೊಂಟ ಬಗ್ಗಿಸಿ ನುಸುಳಬೇಕಾದ ಗಿಡ್ಡ ಬಾಗಿಲುಗಳೂ ಉಳಿದಿವೆ.

ಶಿಕ್ಷಕ ಬಂಧುಗಳೇ, ಆ ಗಿಡ್ಡ ಬಾಗಿಲನ್ನು ಒಮ್ಮೆ ಮನಸ್ಸಿನಲ್ಲಿ ತಂದುಕೊಳ್ಳಿರಿ. ಇಂಗ್ಲಿಷ್ ಸಮಾಜದ ಮೇಲು ಕೀಳುಗಳ ವಿಷಯವಾಗಿ ಹತ್ತು ಪುಟದ ಪಾಠ ಕಲಿಸದಿದ್ದುದನ್ನು ಅದೊಂದೇ ಕಲಿಸುತ್ತದೆ. ಉಣಿಸು ಕುಡಿಸು ಹೊತ್ತವನು ಬಾಗಬೇಕು, ಕುಡಿಯುವವನು ಬಾಗಬೇಕಿಲ್ಲ.

ಇನ್ನೊಂದು ಕಿಂಡಿಯ ಮಾತನ್ನೂ ಹೇಳಬೇಕು. ಇದು ನಮ್ಮ ವೃತ್ತಿಗೆ ತೀರ ಹತ್ತಿರವಾದುದು. ಅನೇಕ ಪಾನಗೃಹಗಳಲ್ಲಿ 'ಜಗ್ ಅಂಡ್ ಬಾಟಲ್' ಎಂಬ ಹೆಸರಿನ ಒಂದು ಮೂಲೆ ಇರುತ್ತಿತ್ತು. ಒಳಗೆ ಕುಳಿತು ಕುಡಿಯದೆ ಮನೆಗೆ ಕೊಂಡೊಯ್ಯುವವರಿಗಾಗಿ ಮಾಡಿದ ಕಟ್ಟೆ ಅದು. ಅಲ್ಲಿಗೆ ಹೂಜಿ ಹಿಡಿದು ಬರುತ್ತಿದ್ದವರಲ್ಲಿ ಮಕ್ಕಳೂ ಇದ್ದರು. ತಂದೆಯ ಬಿಯರನ್ನು ತರಲು ಮಗುವನ್ನು ಕಳಿಸುವುದು ವಾಡಿಕೆಯಾಗಿತ್ತು. ೧೯೦೧ರಲ್ಲಿ ಕಾನೂನು ಬಂದಿತು: ೧೪ ವರ್ಷದೊಳಗಿನ ಮಕ್ಕಳ ಕೈಗೆ, ಮುಚ್ಚಿ ಮುದ್ರೆಯೊತ್ತಿದ ಪಾತ್ರೆಯಲ್ಲಲ್ಲದೆ, ಮದ್ಯವನ್ನು ಕೊಡಕೂಡದೆಂದು. ಆ ಮೂಲೆ ಉಳಿದಿರುವ ಕಡೆ ಆ ಕಾನೂನು ಏಕೆ ಬೇಕಾಯಿತೆಂಬುದು ಕಣ್ಣಿಗೆ ಕಾಣುತ್ತದೆ. ಅದನ್ನು ಕಿತ್ತುಹಾಕಿದ ಕಡೆ ಅದು ಬರಿಯ ಇಸವಿಯಾಗಿ ಉಳಿಯುತ್ತದೆ.

೨೦ನೆಯ ಶತಮಾನದಲ್ಲಿ ಬಹುಪಾಲು ಪಾನಗೃಹಗಳ ಒಳಗೋಡೆಗಳನ್ನು ಕಿತ್ತು ಒಂದೇ ವಿಶಾಲವಾದ ಕೋಣೆಯನ್ನಾಗಿ ಮಾಡಿದರು. ಕಿತ್ತವರ ಉದ್ದೇಶ ಕೆಟ್ಟದೆಂದು ನಾನು ಹೇಳುವುದಿಲ್ಲ. ಆದರೆ ಫಲ ಏನಾಯಿತು? ಬೇರ್ಪಡಿಸುವ ಗೋಡೆ ಹೋಯಿತು. ಅದರ ಸಂಗಡ ಬೇರ್ಪಟ್ಟಿದ್ದೆವೆಂಬ ಸಾಕ್ಷಿಯೂ ಹೋಯಿತು. ಇಂದು ಅಂತಹ ಕೋಣೆಯಲ್ಲಿ ನಿಂತವನಿಗೆ, ಹಿಂದೆ ಎಲ್ಲರೂ ಇಲ್ಲಿ ಒಂದಾಗಿ ನಲಿಯುತ್ತಿದ್ದರೆಂದು ಹೇಳಿದರೆ ಅವನು ನಂಬುತ್ತಾನೆ. ಸುಳ್ಳು ಹೇಳಬಾರದೆಂದು ತಡೆಯುವ ಗೋಡೆಯೇ ಅಲ್ಲಿಲ್ಲವಲ್ಲ!

ಕಟ್ಟಡವು ಕಥೆಯನ್ನು ತಿದ್ದುವ ಇನ್ನೊಂದು ನಿದರ್ಶನ ಕೊಡುತ್ತೇನೆ. ಜಾರ್ಜ್ ಇನ್ನಿನ ಒಳಗೆ 'ಪಾರ್ಲಿಮೆಂಟ್ ಗಡಿಯಾರ' ಎಂದು ಕರೆಯುವ ದೊಡ್ಡ ಗೋಡೆ ಗಡಿಯಾರವಿದೆ. ೧೭೯೭ರಲ್ಲಿ ಪಾರ್ಲಿಮೆಂಟು ಗಡಿಯಾರಗಳ ಮೇಲೆ ತೆರಿಗೆ ಹೇರಿದ್ದರಿಂದ ಜನರು ತಮ್ಮವನ್ನು ಬಿಟ್ಟುಕೊಟ್ಟರೆಂದೂ, ಆಗ ಪಾನಗೃಹದವರು ಎಲ್ಲರಿಗೂ ಕಾಣುವಂತೆ ದೊಡ್ಡ ಗಡಿಯಾರ ಹಾಕಿದರೆಂದೂ ಕಥೆ. ಸೊಗಸಾದ ಕಥೆಯೇ ಸರಿ. ಆದರೆ ಇಂತಹ ಗಡಿಯಾರಗಳು ಆ ತೆರಿಗೆಗೆ ದಶಕಗಳ ಮೊದಲೇ ಪಾನಗೃಹಗಳಲ್ಲಿ ತೂಗುತ್ತಿದ್ದವು. ತೆರಿಗೆಯಾದರೋ ಮರುವರ್ಷ ೧೭೯೮ರಲ್ಲೇ ರದ್ದಾಯಿತು. ಉಳಿದು ಬಂದ ಹಳೆಯ ಗಡಿಯಾರಗಳು ಕಣ್ಣೆದುರಿಗಿದ್ದುದರಿಂದ ಹೆಸರಿನ ಕಥೆಯನ್ನು ತಿದ್ದಲು ಸಾಧ್ಯವಾಯಿತು. ವಸ್ತು ಇಲ್ಲದಿದ್ದರೆ ಕಥೆಯೇ ಇತಿಹಾಸವಾಗಿಬಿಡುತ್ತಿತ್ತು.

ಆದುದರಿಂದ ಎರಡನೆಯ ಆಕ್ಷೇಪಣೆಗೆ ನನ್ನ ಉತ್ತರ ಇದು: ಹೌದು, ಅಲ್ಲಿ ಹೀನವಾದುದೂ ನಡೆಯಿತು. ಹೊಗಳಲೆಂದು ಅದನ್ನು ಉಳಿಸಬೇಕಾಗಿಲ್ಲ; ನಿಜ ಹೇಳಲೆಂದು ಉಳಿಸಬೇಕು. ಅರಮನೆಗಳು ಮನುಷ್ಯರು ತಮ್ಮನ್ನು ಲೋಕಕ್ಕೆ ಹೇಗೆ ತೋರಿಸಿಕೊಳ್ಳಬಯಸಿದರೆಂಬುದನ್ನು ಹೇಳುತ್ತವೆ. ಇಂತಹ ಮನೆಗಳು ಅವರು ಹೇಗೆ ಬಾಳಿದರೆಂಬುದನ್ನು ಹೇಳುತ್ತವೆ. ವಿದ್ಯಾರ್ಥಿಗೆ ಎರಡೂ ಬೇಕು.

ಇನ್ನು ಮೂರನೆಯ ಆಕ್ಷೇಪಣೆ, ಉಪಯೋಗದ ವಾದ. ಇದು ಮೂರರಲ್ಲಿ ಬಲಿಷ್ಠವಾದುದು. ಬಡವರಾದ ನಾವು ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇದಕ್ಕೆ ಉತ್ತರ ಜಾರ್ಜ್ ಇನ್ನಿನ ಮುಂದಿನ ಕಥೆಯಲ್ಲಿದೆ.

೧೬೭೬ರಲ್ಲಿ ಸದರ್ಕಿನಲ್ಲಿ ದೊಡ್ಡ ಬೆಂಕಿ ಬಿದ್ದಿತು. ಟಬಾರ್ಡೂ ಜಾರ್ಜೂ ಸುಟ್ಟವು. ಮರುವರ್ಷ, ೧೬೭೭ರಲ್ಲಿ, ಜಾರ್ಜ್ ಇನ್ನನ್ನು ಮತ್ತೆ ಕಟ್ಟಿದರು. ಅಂಗಳ, ಪಡಸಾಲೆಗಳ ಹಳೆಯ ವಿನ್ಯಾಸವನ್ನು ಬಿಡಲಿಲ್ಲ. ಅಂಗಳದ ಸುತ್ತ ಪಡಸಾಲೆಗಳುಳ್ಳ ಆ ಮನೆ ಕುದುರೆಗಾಡಿಗಳ ಕಾಲದಲ್ಲಿ ಗಿಜಿಗುಟ್ಟುತ್ತಿತ್ತು. ೧೮೩೬ರಲ್ಲಿ ಹತ್ತಿರದಲ್ಲೇ ಲಂಡನ್ ಬ್ರಿಜ್ ರೈಲು ನಿಲ್ದಾಣ ತೆರೆಯಿತು. ಕುದುರೆಗಾಡಿಗಳ ಕಾಲ ಮುಗಿಯುತ್ತ ಬಂದಿತು. ೧೮೭೩ರಲ್ಲಿ, ಬೆಂಕಿಯ ತರುವಾಯ ಮತ್ತೆ ಕಟ್ಟಿದ್ದ ಟಬಾರ್ಡನ್ನು ನೆಲಸಮ ಮಾಡಿದರು. ಡಿಕನ್ಸನು ತನ್ನ ಸ್ಯಾಮ್ ವೆಲ್ಲರನನ್ನು ಓದುಗರಿಗೆ ಮೊದಲು ಪರಿಚಯಿಸಿದ ವೈಟ್ ಹಾರ್ಟ್ ತಂಗುಮನೆಯನ್ನು ೧೮೮೯ರಲ್ಲಿ ಕೆಡವಿದರು. ಅದೇ ವರ್ಷ ಗ್ರೇಟ್ ನಾರ್ದರ್ನ್ ರೈಲ್ವೆ ಕಂಪನಿಯು ಜಾರ್ಜ್ ಇನ್ನಿನ ಎರಡು ಪಾರ್ಶ್ವಗಳನ್ನು ಕೆಡವಿತು. ಉಳಿದದ್ದು ತೆಂಕಣ ಪಾರ್ಶ್ವವೊಂದೇ. ಅಂಗಳದ ಸುತ್ತಲಿದ್ದ ಮನೆ ಅಂಗಳದ ಒಂದು ಬದಿಯ ಮನೆಯಾಯಿತು.

ಕೆಡವಿದ ಕಂಪನಿ ಏನೆಂದು ವಾದಿಸಿರಬಹುದು? ನಮ್ಮ ಹಿರಿಯರ ವಾದವನ್ನೇ. ಸರಕು ಇಳಿಸಲು ಜಾಗ ಬೇಕು; ಹಳೆಯ ಮರದ ಪಡಸಾಲೆಯಿಂದ ಯಾರಿಗೇನು ಲಾಭ? ಆ ಲೆಕ್ಕ ಆ ವರ್ಷದ ಮಟ್ಟಿಗೆ ಸರಿಯಾಗಿಯೇ ಇದ್ದಿರಬಹುದು. ಆದರೆ ಲೆಕ್ಕದ ಪುಸ್ತಕವನ್ನು ಮುಂದಕ್ಕೆ ತಿರುವಿ ನೋಡಿರಿ. ೧೯೨೩ರಲ್ಲಿ ಗ್ರೇಟ್ ನಾರ್ದರ್ನ್ ಕಂಪನಿ ಬೇರೆ ಕಂಪನಿಗಳ ಸಂಗಡ ಬೆರೆತು ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆಯಾಯಿತು. ೧೯೩೭ರಲ್ಲಿ ಆ ಹೊಸ ಕಂಪನಿಯು ಉಳಿದ ಪಾರ್ಶ್ವವನ್ನು ನ್ಯಾಷನಲ್ ಟ್ರಸ್ಟ್ ಎಂಬ ರಕ್ಷಣಾ ಸಂಸ್ಥೆಗೆ ಒಪ್ಪಿಸಿತು. ೧೯೪೮ರಲ್ಲಿ ಬ್ರಿಟನ್ನಿನ ರೈಲ್ವೆಗಳು ರಾಷ್ಟ್ರೀಕರಣವಾದಾಗ ಆ ಕಂಪನಿಯೂ ಇಲ್ಲವಾಯಿತು. ಕೆಡವಿದ ಕಂಪನಿ ಇಲ್ಲ. ಅದನ್ನು ನುಂಗಿದ ಕಂಪನಿಯೂ ಇಲ್ಲ. ನಿರುಪಯೋಗಿಯೆಂದು ಎಣಿಸಿದ ಮರದ ಪಡಸಾಲೆ ಇದೆ. ಲಂಡನ್ನಿನಲ್ಲಿ ಪಡಸಾಲೆಗಳುಳ್ಳ ಕೊನೆಯ ತಂಗುಮನೆ ಎಂಬ ಕಾರಣಕ್ಕೆ ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಪಾನಗೃಹವಾಗಿ ಅದು ಇಂದಿಗೂ ನಡೆದು ತನ್ನ ಖರ್ಚನ್ನು ತಾನೇ ದುಡಿಯುತ್ತದೆ. ಹಾಗಾದರೆ ಯಾವುದು ಉಪಯೋಗಿ, ಯಾವುದು ನಿರುಪಯೋಗಿ? ಉಪಯೋಗದ ವಾದಕ್ಕೆ ನನ್ನ ವಿರೋಧವಿಲ್ಲ. ಅದರ ಗಡುವಿಗೆ ನನ್ನ ವಿರೋಧ. ಒಂದು ವರ್ಷದ ಉಪಯೋಗವನ್ನು ಅಳೆಯುವ ಕೋಲಿನಿಂದ ಮುನ್ನೂರು ವರ್ಷದ ಮನೆಯನ್ನು ಅಳೆಯಬಾರದು.

ಈ ತಪ್ಪು ರೈಲ್ವೆ ಕಂಪನಿಯ ಕಾಲಕ್ಕೆ ಮುಗಿಯಿತೆಂದು ಭಾವಿಸಬೇಡಿರಿ. ನಮ್ಮ ಕಾಲದಲ್ಲೇ ನಡೆದ ಎರಡು ಸಂಗತಿಗಳನ್ನು ಹೇಳುತ್ತೇನೆ.

ಲಂಡನ್ನಿನ ಕಿಲ್‌ಬರ್ನ್ ಎಂಬಲ್ಲಿ ಕಾರ್ಲ್‌ಟನ್ ಟ್ಯಾವರ್ನ್ ಎಂಬ ಪಾನಗೃಹವಿತ್ತು. ೧೯೨೦-೨೧ರಲ್ಲಿ, ಫ್ರಾಂಕ್ ಪಾಟರ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ, ಚಾರಿಂಗ್‌ಟನ್ ಎಂಬ ಬಿಯರ್ ತಯಾರಕರಿಗಾಗಿ ಕಟ್ಟಿದ ಮನೆ. ಅರಮನೆಯಲ್ಲ, ಪವಾಡವಲ್ಲ, ಇಟ್ಟಿಗೆ, ಬಣ್ಣದ ಹೊಳಪು ಬಿಲ್ಲೆಗಳ ಅಚ್ಚುಕಟ್ಟಾದ ಮೂಲೆಮನೆ. ೨೦೧೫ರಲ್ಲಿ ಅದರ ಜಾಗದಲ್ಲಿ ವಸತಿಗಳನ್ನು ಕಟ್ಟುವ ಯೋಜನೆಗೆ ಅನುಮತಿ ದೊರೆಯಲಿಲ್ಲ. ಕೇರಿಯ ಜನರಿಗೆ ಅನುಮಾನ ಮೊದಲೇ ಬಂದಿತ್ತು. ಆ ಕಟ್ಟಡವನ್ನು ಸಂರಕ್ಷಿತ ಪಟ್ಟಿಗೆ ಸೇರಿಸಬೇಕೆಂದು ಅವರು ಸರಕಾರದ ಸಂಸ್ಥೆಗೆ ಮೊರೆಯಿಟ್ಟಿದ್ದರು. ಆ ಸಂಸ್ಥೆಯವರು ಬಂದು ಕಟ್ಟಡವನ್ನು ವಿವರವಾಗಿ ದಾಖಲಿಸಿಕೊಂಡಿದ್ದರು. ಪಟ್ಟಿಗೆ ಸೇರುವುದು ಇನ್ನೇನು ಆಗಬೇಕು ಎನ್ನುವಷ್ಟರಲ್ಲಿ, ಏಪ್ರಿಲ್ ೮ರಂದು, ಯಾವ ಅನುಮತಿಯೂ ಇಲ್ಲದೆ ಯಂತ್ರ ತಂದು ಅದನ್ನು ಕೆಡವಿದರು. ವೆಸ್ಟ್‌ಮಿನ್‌ಸ್ಟರ್ ನಗರಾಡಳಿತವು, ಕೆಡವಿದವರೇ ಅದನ್ನು ಮೊದಲಿದ್ದಂತೆಯೇ ಇಟ್ಟಿಗೆಗೆ ಇಟ್ಟಿಗೆ ಸರಿಯಾಗಿ ಮತ್ತೆ ಕಟ್ಟಬೇಕೆಂದು ಆಜ್ಞೆ ಮಾಡಿತು. ಮೇಲ್ಮನವಿಯಲ್ಲಿ, ೨೦೧೬ರಲ್ಲಿ, ಆಜ್ಞೆ ನಿಂತಿತು. ೨೦೨೧ರ ಏಪ್ರಿಲ್ ತಿಂಗಳಲ್ಲಿ ಆ ಮನೆ ಮತ್ತೆ ಬಾಗಿಲು ತೆರೆಯಿತು.

ಇದರಲ್ಲಿ ಗಮನಿಸಬೇಕಾದುದು ಕೋರ್ಟು ಕಚೇರಿಯ ಗೆಲುವಲ್ಲ. 'ಮೊದಲಿದ್ದಂತೆಯೇ ಕಟ್ಟಿರಿ' ಎಂದು ಆಜ್ಞೆ ಮಾಡಲು, ಮೊದಲು ಹೇಗಿತ್ತೆಂದು ಯಾರಾದರೂ ಬರೆದಿಟ್ಟಿರಬೇಕಲ್ಲವೇ? ಬರೆದಿಟ್ಟಿದ್ದರು. ಕೇರಿಯ ಜನ ಎಚ್ಚರವಾಗಿದ್ದುದರಿಂದ ಬರೆದಿಟ್ಟಿದ್ದರು. ಯಂತ್ರಕ್ಕೆ ಇಟ್ಟಿಗೆಯನ್ನು ಪುಡಿಮಾಡಲು ಸಾಧ್ಯವಾಯಿತು. ಅಳತೆಯನ್ನು ಪುಡಿಮಾಡಲು ಸಾಧ್ಯವಾಗಲಿಲ್ಲ.

ಎರಡನೆಯದು ಸ್ಟಾಫರ್ಡ್‌ಷೈರ್ ಪ್ರಾಂತದ ಹಿಮ್ಲಿ ಎಂಬಲ್ಲಿದ್ದ 'ಕ್ರೂಕೆಡ್ ಹೌಸ್', ಅಂದರೆ ಸೊಟ್ಟ ಮನೆ. ೧೭೬೫ರಲ್ಲಿ ಒಕ್ಕಲಿಗರ ಮನೆಯಾಗಿ ಕಟ್ಟಿದ್ದು, ೧೯ನೆಯ ಶತಮಾನದಲ್ಲಿ ಪಾನಗೃಹವಾಯಿತು. ಕೆಳಗೆ ಕಲ್ಲಿದ್ದಲಿನ ಗಣಿ ತೋಡಿದ್ದರಿಂದ ನೆಲ ಕುಸಿದು ಮನೆಯ ಒಂದು ಕೊನೆ ಇನ್ನೊಂದಕ್ಕಿಂತ ಸುಮಾರು ೪ ಅಡಿ ಕೆಳಗಾಯಿತು. ಊರುಗೋಡೆ ಕೊಟ್ಟು ಅದನ್ನು ನಿಲ್ಲಿಸಿದರು. ಒಳಗಿನ ಓರೆಯಿಂದ ಕಣ್ಣು ಮೋಸಹೋಗಿ, ಗೋಲಿ ಮೇಲ್ಮುಖವಾಗಿ ಉರುಳಿದಂತೆ ಕಾಣುತ್ತಿತ್ತು; ಜನ ಅದನ್ನು ನೋಡಿ ನಗಲು ಹೋಗುತ್ತಿದ್ದರು. ಆದರೆ ಆ ಸೊಟ್ಟಗೋಡೆ, ನೆಲದಡಿಯಲ್ಲಿ ಯಾರೋ ಹೊಟ್ಟೆಪಾಡಿಗಾಗಿ ಕತ್ತಲೆಯಲ್ಲಿ ಅಗೆದುದರ ಗುರುತು ಎಂಬುದನ್ನು ಎಷ್ಟು ಜನ ನೆನೆದರೋ! ೨೦೨೩ರ ಆಗಸ್ಟ್ ೫ರಂದು ಅದಕ್ಕೆ ಬೆಂಕಿ ಬಿದ್ದಿತು. ೭ರಂದು ಉಳಿದ ಗೋಡೆಗಳನ್ನೂ ನೆಲಕ್ಕೆ ಕೆಡವಲಾಯಿತು. ರಾಷ್ಟ್ರೀಯ ಸಂರಕ್ಷಿತ ಪಟ್ಟಿಯಲ್ಲಿ ಅದು ಇರಲಿಲ್ಲ. ೨೦೨೪ರ ಫೆಬ್ರವರಿಯಲ್ಲಿ ಸ್ಥಳೀಯ ಆಡಳಿತವು ಅದನ್ನು ಮತ್ತೆ ಕಟ್ಟಬೇಕೆಂದು ಆಜ್ಞೆ ಹೊರಡಿಸಿತು. ಮಾಲಿಕರು ಮೇಲ್ಮನವಿ ಹೂಡಿದರು. ಎಲ್ಲರೂ ನಗುತ್ತ ಬಂದು ಚಿತ್ರ ತೆಗೆದುಕೊಂಡ ಮನೆಗೆ ಸಮಯಕ್ಕೆ ಸರಿಯಾಗಿ ರಕ್ಷಣೆಯ ಮುದ್ರೆ ಬೀಳಲಿಲ್ಲ. ನಗೆಯ ವಸ್ತುವಾದುದಕ್ಕೆ ಆಗುವ ಗತಿ ಇದು. ನಮ್ಮ ಕೂಟದ ನಗೆ ನನ್ನನ್ನು ಏಕೆ ಕಾಡಿತೆಂದು ಈಗ ತಿಳಿಯಿತಷ್ಟೆ?

ಇಲ್ಲಿ ಒಬ್ಬ ಜಾಣ ವಿದ್ಯಾರ್ಥಿ ಎದ್ದು ಕೇಳಬಹುದು: "ಗುರುಗಳೇ, ಮತ್ತೆ ಕಟ್ಟಿದ್ದು ಹಳೆಯದು ಹೇಗಾದೀತು? ಅದು ನಕಲು ಅಲ್ಲವೇ?" ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ನಾವು ಇಷ್ಟು ಹೊತ್ತು ಕೊಂಡಾಡಿದ ಜಾರ್ಜ್ ಇನ್ನು ತಾನೇ ಏನು? ೧೬೭೬ರ ಬೆಂಕಿಯ ತರುವಾಯ ಹಳೆಯ ವಿನ್ಯಾಸದಲ್ಲಿ ಮತ್ತೆ ಕಟ್ಟಿದ್ದೇ. ಸುಟ್ಟ ಮನೆಯನ್ನು ಬಲ್ಲವರು, ಅದರಲ್ಲಿ ಬದುಕಿದವರು, ಅದೇ ಬದುಕಿಗಾಗಿ ಅದೇ ರೂಪದಲ್ಲಿ ಮತ್ತೆ ಎತ್ತಿ ನಿಲ್ಲಿಸಿದರೆ ಅದು ನಕಲಲ್ಲ, ಮುಂದುವರಿಕೆ. ಕಾರ್ಲ್‌ಟನ್ ಟ್ಯಾವರ್ನಿನ ಇಟ್ಟಿಗೆ ಹೊಸದು, ನಿಜ. ಆದರೆ ಅದು ಒಂದು ಹೊಸ ಸಾಕ್ಷಿಯನ್ನೂ ಹೊತ್ತು ನಿಂತಿದೆ: ಅನುಮತಿಯಿಲ್ಲದೆ ಕೆಡವಿದವನು ಕಟ್ಟಿಕೊಡಬೇಕಾಯಿತೆಂಬ ಸಾಕ್ಷಿಯನ್ನು.

ಆಯಿತು, ಇದೆಲ್ಲ ಇಂಗ್ಲೆಂಡಿನ ಮಾತು, ನಾವೇನು ಮಾಡಬೇಕು ಎಂದು ವಾಚಕರು ಕೇಳಿಯಾರು. ನಾನು ಯಾವ ಚಳವಳಿಯನ್ನೂ ಹೂಡಬೇಕೆನ್ನುವುದಿಲ್ಲ. ನಮ್ಮ ಕೈಯಲ್ಲಿ ಕಾನೂನು ಇಲ್ಲ, ಹಣವಿಲ್ಲ. ಆದರೆ ಅಳತೆಪಟ್ಟಿ ಇದೆ, ಕಾಗದವಿದೆ, ಸೀಸದ ಕಡ್ಡಿ ಇದೆ, ಐದನೆಯ ತರಗತಿಯ ಮಕ್ಕಳ ಚುರುಕು ಕಣ್ಣುಗಳಿವೆ. ಜಾರ್ಜ್ ಇನ್ನಿನ ಚಿತ್ರವನ್ನು ಸುತ್ತಿಟ್ಟ ಮರುವಾರ ನಾನು ನನ್ನ ಮಕ್ಕಳಿಗೆ ನಮ್ಮ ಶಾಲೆಯ ಪಡಸಾಲೆಯನ್ನೇ ಅಳೆಯಲು ಹೇಳಿದೆನು. ಅಂಕಗಣಿತದ ತಾಸಿನಲ್ಲಿ ನಿದ್ದೆ ತೂಗುತ್ತಿದ್ದ ಹುಡುಗನೊಬ್ಬನು ಓಡಿಬಂದು, ಆರು ಕಂಬಗಳಲ್ಲಿ ಒಂದು ಮಾತ್ರ ಬೇರೆ ಅಳತೆಯದು, ಏಕೆ ಗುರುಗಳೇ, ಎಂದು ಕೇಳಿದನು. ಹನ್ನೊಂದು ವರ್ಷ ಆ ಕಂಬಕ್ಕೆ ಒರಗಿ ನಿಂತಿದ್ದ ನನಗೆ ಅದು ತಿಳಿದಿರಲಿಲ್ಲ. ಊರಿನ ಹಿರಿಯರನ್ನು ಕೇಳಿಕೊಂಡು ಬಾ ಎಂದು ಕಳಿಸಿದ್ದೇನೆ. ಅವನು ಉತ್ತರ ತರಬಹುದು, ತರದಿರಬಹುದು. ಕಂಬದ ಅಳತೆಯಂತೂ ನಮ್ಮ ವಹಿಯಲ್ಲಿ ಬರೆದಾಗಿದೆ.

ಇದೇ ನನ್ನ ಸಿದ್ಧಾಂತ. ಕಟ್ಟಡದ ಯೋಗ್ಯತೆಯನ್ನು ಅದನ್ನು ಕಟ್ಟಿಸಿದವನ ಕಿರೀಟದಿಂದಲೂ ಅಳೆಯಬಾರದು, ಅದರಲ್ಲಿ ನಡೆದ ವ್ಯಾಪಾರದ ಮೇಲು ಕೀಳಿನಿಂದಲೂ ಅಳೆಯಬಾರದು. ಮನುಷ್ಯರ ಬಾಳುವೆಯ ಯಾವ ನಿಜವನ್ನು ಅದು ಬಚ್ಚಿಡದೆ ಹೇಳುತ್ತದೆ ಎಂಬುದರಿಂದ ಅಳೆಯಬೇಕು. ಆ ಅಳತೆಯಲ್ಲಿ ಸದರ್ಕಿನ ಒಂದು ಪಾರ್ಶ್ವದ ಪಾನಗೃಹ ಯಾವ ಅರಮನೆಗೂ ತಲೆತಗ್ಗಿಸಬೇಕಾಗಿಲ್ಲ.

ನನ್ನನ್ನು ಎದ್ದು ನಿಂತು ಕೇಳಿದ ಹಿರಿಯ ಗುರುಗಳಿಗೆ ನಾನು ಋಣಿ. ಅವರು ಕೇಳದಿದ್ದರೆ ಇಷ್ಟನ್ನು ನಾನು ಯೋಚಿಸುತ್ತಿರಲಿಲ್ಲ. ಅವರು ಈ ಲೇಖನವನ್ನು ಖಂಡಿಸಿ ಬರೆದರೆ ಸಂಪಾದಕರು ದಯವಿಟ್ಟು ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಸ್ಥಳ ಕೊಡಬೇಕು. ಬರುವ ಕೂಟಕ್ಕೆ ಆ ಚಿತ್ರವನ್ನು ನಾನು ಮತ್ತೆ ತರುತ್ತೇನೆ. ಈ ಸಲ ಸುತ್ತಿಡುವುದಿಲ್ಲ.